ವಾಷರ್ ಬದಲಿಸಿದರೂ ನಲ್ಲಿ ಸೋರುವುದೇಕೆ? ಮನೆ ರಿಪೇರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಡುಗೆಮನೆಯ ನಲ್ಲಿ ಎಷ್ಟು ಬಿಗಿದರೂ ತೊಟ್ಟಿಕ್ಕುತ್ತದೆ. ಎರಡು ತಿಂಗಳಲ್ಲಿ ಎರಡು ಸಲ ನಾನೇ ವಾಷರ್ ಬದಲಿಸಿದೆ. ನಾಲ್ಕು ದಿನ ಸರಿಯಿದ್ದು ಮತ್ತೆ ಅದೇ ಪಾಡು. ನಲ್ಲಿಯನ್ನೇ ಬದಲಿಸಬೇಕೇ?

ಉತ್ತರ: ಬೇಡ. ಇನ್ನೊಂದು ಸಲ ಬಿಚ್ಚಿ. ಈ ಸಲ ವಾಷರ್ ಜೊತೆಗೆ ಅದು ಕೂರುವ ಜಾಗವನ್ನೂ ನೋಡಿ. ನಲ್ಲಿಯ ಹೊಟ್ಟೆಯೊಳಗೆ, ನೀರು ಮೇಲಕ್ಕೆ ಬರುವ ತೂತಿನ ಸುತ್ತ, ಹಿತ್ತಾಳೆಯ ತೆಳು ಅಂಚು ಇರುತ್ತದೆ, ಅದೇ ಸೀಟು. ಹಿಡಿ ತಿರುಗಿಸಿದಾಗ ರಬ್ಬರ್ ವಾಷರ್ ಇಳಿದು ಈ ಅಂಚನ್ನು ಒತ್ತುತ್ತದೆ, ನೀರು ನಿಲ್ಲುತ್ತದೆ. ನೀರಿನ ಜೊತೆ ಬಂದ ಮರಳಿನ ಕಣ ಅಲ್ಲಿ ಸಿಕ್ಕಿಕೊಂಡಾಗ ಜೋರಾಗಿ ಬಿಗಿದರೆ ಅಂಚಿನ ಮೇಲೆ ಗೀರು ಬೀಳುತ್ತದೆ. ಒಮ್ಮೆ ಗೀರು ಬಿತ್ತೆಂದರೆ ಅದರಲ್ಲಿ ನುಸುಳುವ ನೀರೇ ಹಗಲೂ ರಾತ್ರಿ ಹಿತ್ತಾಳೆಯನ್ನು ಸವೆಸುತ್ತ ಹೋಗುತ್ತದೆ. ಹೊಸ ವಾಷರ್ ಮೆತ್ತಗಿರುವಷ್ಟು ದಿನ ಆ ಗೀರಿನೊಳಗೆ ತುಂಬಿಕೊಂಡು ನೀರು ತಡೆಯುತ್ತದೆ. ಆಮೇಲೆ ಅದೇ ಜಾಗದಲ್ಲಿ ಅದೂ ಸೀಳಿಹೋಗುತ್ತದೆ.

ಹಳೆಯ ವಾಷರ್ ಎಸೆದಿಲ್ಲವಾದರೆ ಬೆಳಕಿಗೆ ಹಿಡಿದು ನೋಡಿ. ಅದರ ಮೇಲೆ ಉಂಗುರದಂಥ ತಗ್ಗು ಬಿದ್ದಿರುತ್ತದೆ. ಉಂಗುರ ಸುತ್ತಲೂ ಒಂದೇ ಆಳಕ್ಕಿದ್ದರೆ ಅದು ವಯಸ್ಸಾಗಿ ಸವೆದದ್ದು. ಒಂದು ಕಡೆ ಮಾತ್ರ ಕೊಯ್ದ ಹಾಗೆ ಸೀಳಿದ್ದರೆ ಸೀಟಿನಲ್ಲಿ ಗೀರಿದೆ ಎಂದೇ ಅರ್ಥ. ಈ ಸಣ್ಣ ರಬ್ಬರ್ ಬಿಲ್ಲೆ ನಲ್ಲಿಯ ಒಳಗಿನ ಸ್ಥಿತಿಯನ್ನು ಅಚ್ಚೊತ್ತಿ ತೋರಿಸುತ್ತದೆ. ಯಾವ ರಿಪೇರಿಯಲ್ಲೇ ಆಗಲಿ, ತೆಗೆದ ಹಳೆಯ ಭಾಗವನ್ನು ಕೆಲಸ ಮುಗಿಯುವವರೆಗೆ ಎಸೆಯಬೇಡಿ.

ಈಗ ಬಿಚ್ಚುವ ಕ್ರಮ. ನಲ್ಲಿಗೆ ನೀರು ಬರುವ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಹೋಗಲು ಬಿಡಿ. ಸಿಂಕಿನ ತೂತಿಗೆ ಬಟ್ಟೆ ತುರುಕಿ. ಜಾರಿದ ಸ್ಕ್ರೂ ನೇರವಾಗಿ ಅಲ್ಲಿಗೇ ಓಡುತ್ತದೆ. ಹಿಡಿಯ ಮೇಲಿನ ಮುಚ್ಚಳ ಎಬ್ಬಿಸಿ ಸ್ಕ್ರೂ ತೆಗೆದರೆ ಹಿಡಿ ಬರುತ್ತದೆ. ಹಿಡಿಯ ಕೆಳಗೆ ಕಾಣುವ ತಿರುಗುವ ಕಡ್ಡಿಯನ್ನು (ಸ್ಪಿಂಡಲ್) ಅರ್ಧ ಸುತ್ತು ತೆರೆದ ಸ್ಥಿತಿಗೆ ತನ್ನಿ, ಇಲ್ಲವಾದರೆ ವಾಷರ್ ಸೀಟನ್ನು ಒತ್ತಿಕೊಂಡೇ ಇದ್ದು ಬಿಚ್ಚುವುದು ಕಷ್ಟ. ಒಂದು ಕೈಯಲ್ಲಿ ನಲ್ಲಿಯ ಒಡಲನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದರಿಂದ ಸ್ಪ್ಯಾನರ್ ಹಾಕಿ ಮೇಲ್ಭಾಗ ಬಿಚ್ಚಿ. ಒಡಲನ್ನು ಹಿಡಿಯದೆ ಎಳೆದರೆ ಗೋಡೆಯೊಳಗಿನ ಜೋಡಣೆ ತಿರುಗಿ ಅಲ್ಲಿ ಹೊಸ ಸೋರಿಕೆ ಹುಟ್ಟುತ್ತದೆ. ಮನೆಯಲ್ಲಿ ಮಾಡುವ ನಲ್ಲಿ ರಿಪೇರಿ ಕೆಡುವುದು ಹೆಚ್ಚಾಗಿ ಈ ಒಂದು ಹೆಜ್ಜೆಯಲ್ಲೇ.

ಟಾರ್ಚ್ ಹಾಕಿ ಸೀಟು ನೋಡಿ, ಬೆರಳ ತುದಿ ಆಡಿಸಿ. ಉಗುರಿಗೆ ತಡೆಯುವ ಗೀರಿದ್ದರೆ ಸೀಟಿನ ಅಂಚನ್ನು ಕೆರೆದು ಸಮ ಮಾಡುವ ಸೀಟ್ ಕಟರ್ ಬೇಕು. ಅದನ್ನು ನಲ್ಲಿಯೊಳಗಿನ ಸ್ಕ್ರೂ ಸುತ್ತುಗಳಿಗೆ ತಿರುಗಿಸಿ ಕೂರಿಸಿ, ಹಗುರವಾಗಿ ಎರಡು ಮೂರು ಸುತ್ತು ತಿರುಗಿಸಿ, ತೆಗೆದು ನೋಡಿ. ಅಂಚು ಸುತ್ತಲೂ ಒಂದೇ ಹೊಳಪಿಗೆ ಬಂದರೆ ಸಾಕು, ಹೆಚ್ಚು ಕೆರೆದರೆ ಅಂಚೇ ತೆಳುವಾಗುತ್ತದೆ. ಹಿತ್ತಾಳೆ ಪುಡಿ ತೊಳೆದುಹೋಗಲು ಒಂದು ಬಟ್ಟೆ ಅಡ್ಡ ಹಿಡಿದು ಕ್ಷಣಕಾಲ ನೀರು ಬಿಡಿ. ಹೊಸ ವಾಷರ್ ಹಾಕಿ ಜೋಡಿಸಿದ ಮೇಲೆ ನಲ್ಲಿಯ ಮೂತಿಯ ಜಾಲರಿ ತೆಗೆದು, ವಾಲ್ವನ್ನು ನಿಧಾನವಾಗಿ ತೆರೆದು, ಅರ್ಧ ನಿಮಿಷ ನೀರು ಹರಿಸಿ ಜಾಲರಿ ಹಾಕಿ. ಇನ್ನು ಮುಂದೆ ನೀರು ನಿಂತ ಕೂಡಲೇ ಕೈ ನಿಲ್ಲಿಸಿ.

ಮೂತಿಯಿಂದ ಸೋರದೆ, ನಲ್ಲಿ ತೆರೆದಾಗ ಹಿಡಿಯ ಬುಡದಿಂದ ನೀರು ಒಸರಿದರೆ ಅದು ಬೇರೆ ರೋಗ. ಅಲ್ಲಿ ಸ್ಪಿಂಡಲಿನ ಸುತ್ತ ಇರುವ ನಟ್ಟನ್ನು (ಗ್ಲ್ಯಾಂಡ್ ನಟ್) ಕಾಲು ಸುತ್ತು ಬಿಗಿದರೆ ಬಹಳಷ್ಟು ಸಲ ನಿಲ್ಲುತ್ತದೆ. ನಿಮ್ಮದು ಕಾಲು ಸುತ್ತಿಗೆ ತೆರೆಯುವ ನಲ್ಲಿಯಾಗಿದ್ದರೆ ಈ ಯಾವುದೂ ಅನ್ವಯಿಸದು. ಅದರೊಳಗೆ ಇರುವುದು ಸೆರಾಮಿಕ್ ಬಿಲ್ಲೆಗಳು. ಆ ಬಿಲ್ಲೆಗಳಿರುವ ಒಳಭಾಗವನ್ನು (ಕಾರ್ಟ್ರಿಜ್) ಇಡಿಯಾಗಿ ಬದಲಿಸಬೇಕು. ಅಂಗಡಿಗೆ ಹಳೆಯದನ್ನೇ ಒಯ್ಯಿರಿ: ಉದ್ದ, ತಲೆಯ ಹಲ್ಲುಗಳ ಎಣಿಕೆ, ತೆರೆಯುವ ದಿಕ್ಕು, ಮೂರೂ ಹೊಂದಬೇಕು.

ಪ್ರಶ್ನೆ: ಸಣ್ಣ ತೊಟ್ಟಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ? ರಜೆಯ ಅರ್ಧ ದಿನ ಕಳೆದು ಮಾಡುವ ಕೆಲಸವನ್ನು ಗೊತ್ತಿರುವವರು ಕಾಲು ಗಂಟೆಯಲ್ಲಿ ಮಾಡುತ್ತಾರೆ. ಸ್ವಂತ ರಿಪೇರಿಯಿಂದ ನಿಜವಾದ ಲಾಭವೇನು?

ಉತ್ತರ: ಮೊದಲು ತೊಟ್ಟಿನ ಲೆಕ್ಕ. ಸೋರುವ ನಲ್ಲಿಯ ಕೆಳಗೆ ಅಳತೆಯ ಲೋಟ ಇಟ್ಟು 10 ನಿಮಿಷ ಬಿಡಿ. ಬಂದದ್ದನ್ನು 144ರಿಂದ ಗುಣಿಸಿದರೆ ಒಂದು ದಿನದ ನಷ್ಟ. ಲೋಟದಲ್ಲಿ 100 ಮಿಲಿಲೀಟರ್ ಇದ್ದರೆ ದಿನಕ್ಕೆ 14.4 ಲೀಟರ್, ತಿಂಗಳಿಗೆ 430 ಲೀಟರಿಗೂ ಹೆಚ್ಚು.

ಅರ್ಧ ದಿನ ಹಿಡಿಯುವುದು ಮೊದಲ ಸಲ ಮಾತ್ರ. ಆ ಹೊತ್ತಿನಲ್ಲಿ ಕೈ ಕೆಲಸ ಮಾಡುವುದು ಇಪ್ಪತ್ತು ನಿಮಿಷ. ಉಳಿದದ್ದೆಲ್ಲ ವಾಲ್ವ್ ಎಲ್ಲಿದೆ, ಯಾವ ಸ್ಕ್ರೂ ಮೊದಲು, ಯಾವುದು ಯಾವ ಕಡೆ ತಿರುಗುತ್ತದೆ ಎಂದು ಹುಡುಕುವುದಕ್ಕೆ. ಹಾಗೆ ಹುಡುಕಿದ್ದು ನಿಮ್ಮಲ್ಲೇ ಉಳಿಯುತ್ತದೆ. ನಡುರಾತ್ರಿ ಪೈಪು ಒಡೆದಾಗ ಕತ್ತಲಲ್ಲೂ ಕೈ ನೇರವಾಗಿ ವಾಲ್ವಿಗೆ ಹೋಗುತ್ತದೆ. ಹೊರಗಿನವರನ್ನು ಕರೆಸಬೇಕಾದಾಗಲೂ ‘ನಲ್ಲಿ ಕೆಟ್ಟಿದೆ’ ಎನ್ನುವ ಬದಲು ‘ಸೀಟು ಗೀರಿದೆ’ ಎನ್ನಬಲ್ಲಿರಿ. ಬಂದವರು ಸರಿಯಾದ ಹತ್ಯಾರು ತರುತ್ತಾರೆ, ಕೆಲಸ ಸರಿಯಾಯಿತೇ ಇಲ್ಲವೇ ಎಂದು ನಿಮಗೂ ಗೊತ್ತಾಗುತ್ತದೆ. ನಮಗೆ ಇದೇ ದೊಡ್ಡ ಲಾಭ. ಉಳಿಯುವ ಹಣ ಎರಡನೆಯದು.

ತೃಪ್ತಿಯ ಮಾತೂ ಹೇಳಬೇಕು. ತಿಂಗಳುಗಟ್ಟಲೆ ಕಿವಿಗೆ ಬೀಳುತ್ತಿದ್ದ ಟಪ್ ಟಪ್ ಸದ್ದು ನಿಂತ ರಾತ್ರಿ, ನಿಂತದ್ದು ಏಕೆ ಎಂದು ಗೊತ್ತಿರುವ ನಿಮಗೆ ಆಗುವ ಸಮಾಧಾನ ಬೇರೆ. ಬರೀ ವಾಷರ್ ಹಾಕಿ ಹೋದವರಿಗೆ ಅದು ಸಿಗದು.

ಹಾಗೆಂದು ಎಲ್ಲಕ್ಕೂ ಕೈ ಹಾಕಬೇಡಿ. ಗ್ಯಾಸ್ ಪೈಪು, ಮೀಟರಿನಿಂದ ಬರುವ ಮುಖ್ಯ ವಿದ್ಯುತ್ ತಂತಿ, ತೊಲೆ ಮತ್ತು ಕಂಬಗಳ ಬಿರುಕು, ಇಳಿಜಾರು ಸೂರಿನ ಮೇಲಿನ ಕೆಲಸ ಪರಿಣತರಿಗೇ ಇರಲಿ. ನಿಮ್ಮಲ್ಲಿನ ನಿಯಮ ಯಾವ ವಿದ್ಯುತ್ ಕೆಲಸಕ್ಕೆ ಪರವಾನಗಿ ಬೇಡುತ್ತದೋ ಅದನ್ನೂ ಅವರಿಗೇ ಬಿಡಿ. ಉಳಿದದ್ದಕ್ಕೆ ಒಂದು ಪುಟ್ಟ ನೋಟ್‌ಬುಕ್ ಇಡಿ: ಏನು ಬದಲಿಸಿದಿರಿ, ಅಳತೆ ಎಷ್ಟು, ಯಾವ ತಾರೀಖು. ಮುಂದಿನ ಸಲ ಅಂಗಡಿಗೆ ಎರಡು ಬಾರಿ ಅಲೆಯುವುದು ತಪ್ಪುತ್ತದೆ.

ಪ್ರಶ್ನೆ: ಸೀಲಿಂಗ್ ಫ್ಯಾನ್ ಐದರಲ್ಲಿಟ್ಟರೂ ನಿಧಾನವಾಗಿ ತಿರುಗುತ್ತದೆ. ಕಂಡೆನ್ಸರ್ ಹೋಗಿದೆ ಎನ್ನುತ್ತಾರೆ. ಅದು ಹೌದೋ ಅಲ್ಲವೋ ತಿಳಿಯುವುದು ಹೇಗೆ? ಬದಲಿಸಲು ನಮ್ಮಿಂದ ಆಗುತ್ತದೆಯೇ?

ಉತ್ತರ: ಆಗುತ್ತದೆ. ಅದಕ್ಕೂ ಮೊದಲು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ, ಮನೆಯ ಸ್ವಿಚ್ ಪೆಟ್ಟಿಗೆಯಲ್ಲಿರುವ ಸ್ವಿಚ್) ಇಳಿಸಿ, ರೆಕ್ಕೆಯನ್ನು ಕೈಯಿಂದ ತಳ್ಳಿ ನೋಡಿ. ಸದ್ದಿಲ್ಲದೆ ಬಹಳ ಹೊತ್ತು ತಿರುಗಿ ತಾನಾಗಿ ನಿಂತರೆ ಬೇರಿಂಗ್ ಚೆನ್ನಾಗಿದೆ, ಅನುಮಾನ ಕಂಡೆನ್ಸರ್ ಮೇಲೆಯೇ. ಗರಗರ ಎಂದರೆ ಅಥವಾ ತಟ್ಟನೆ ನಿಂತರೆ ಬೇರಿಂಗ್ ಸವೆದಿದೆ, ಕಂಡೆನ್ಸರ್ ಬದಲಿಸಿ ಪ್ರಯೋಜನವಿಲ್ಲ.

ಕಂಡೆನ್ಸರ್ ಹೆಚ್ಚಾಗಿ ಒಂದೇ ಸಲಕ್ಕೆ ಸಾಯುವುದಿಲ್ಲ. ಒಳಗಿರುವುದು ಲೋಹದ ಲೇಪವಿರುವ ತೆಳು ಪ್ಲಾಸ್ಟಿಕ್ ಹಾಳೆಯ ಸುರುಳಿ. ವೋಲ್ಟೇಜ್ ಏರಿದಾಗ ಅಲ್ಲೊಂದು ಇಲ್ಲೊಂದು ಚುಕ್ಕೆ ಸುಟ್ಟು, ಸುತ್ತಲಿನ ಲೋಹ ಆವಿಯಾಗಿ ಗಾಯ ತಾನೇ ಮುಚ್ಚುತ್ತದೆ. ಪ್ರತಿ ಸಲ ಸ್ವಲ್ಪ ಸ್ವಲ್ಪ ಲೋಹ ಕಳೆದುಹೋಗಿ ಮೈಕ್ರೋಫ್ಯಾರಡ್ (ಕಂಡೆನ್ಸರಿನ ಸಾಮರ್ಥ್ಯದ ಅಳತೆ) ಇಳಿಯುತ್ತದೆ, ಫ್ಯಾನಿನ ವೇಗವೂ ಇಳಿಯುತ್ತದೆ. ಆ ಸಾಮರ್ಥ್ಯವನ್ನು (ಕೆಪಾಸಿಟನ್ಸ್) ಅಳೆಯುವ ಮಲ್ಟಿಮೀಟರ್ ಇದ್ದರೆ ಊಹೆಯೇ ಬೇಡ: ಮೈಮೇಲೆ 2.5 ಎಂದು ಬರೆದಿದ್ದು ಮೀಟರ್ 1.8 ತೋರಿಸಿದರೆ ಕಾರಣ ಸಿಕ್ಕಿತು.

ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿಯನ್ನೇ ಇಳಿಸಿ. ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್ ತಂತಿಗೆ ಹಾಕಿದ್ದರೆ ಸ್ವಿಚ್ ಆರಿಸಿದರೂ ಫ್ಯಾನಿಗೆ ಕರೆಂಟ್ ಬರುತ್ತಲೇ ಇರುತ್ತದೆ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಬೇರೊಂದು ಪಾಯಿಂಟಿನಲ್ಲಿ ಉರಿಸಿ ನೋಡಿ, ಆಮೇಲೆ ಫ್ಯಾನಿನ ತಂತಿಗೆ ಮುಟ್ಟಿಸಿ, ಮತ್ತೆ ಆ ಪಾಯಿಂಟಿನಲ್ಲಿ ಪರೀಕ್ಷಿಸಿ. ಟೆಸ್ಟರೇ ಕೆಟ್ಟಿದ್ದರೆ ಅದು ‘ಕರೆಂಟ್ ಇಲ್ಲ’ ಎಂದೇ ತೋರಿಸುತ್ತದೆ, ಆದ್ದರಿಂದ ಈ ಮೂರು ಹೆಜ್ಜೆ ಬಿಡಬೇಡಿ. ಅಲುಗದ ಏಣಿ, ಅದನ್ನು ಹಿಡಿಯಲು ಇನ್ನೊಬ್ಬರು ಇರಲಿ.

ಕಂಡೆನ್ಸರ್ ಮೇಲಿನ ಬಟ್ಟಲಿನಲ್ಲೋ ಕೆಳಗಿನ ಮುಚ್ಚಳದೊಳಗೋ ಇರುತ್ತದೆ. ತಂತಿ ಬಿಚ್ಚುವ ಮೊದಲು ಫೋಟೊ ತೆಗೆದುಕೊಳ್ಳಿ. ಕಂಡೆನ್ಸರ್ ಬೇರೆ ವೈಂಡಿಂಗಿಗೆ ಸೇರಿಬಿಟ್ಟರೆ ಫ್ಯಾನ್ ಉಲ್ಟಾ ತಿರುಗುತ್ತದೆ. ಒಳಗೆ ಉಳಿದಿರಬಹುದಾದ ಚಾರ್ಜ್ ಇಳಿಸಲು ಅದರ ಎರಡು ತುದಿಗಳ ನಡುವೆ 10 ಕಿಲೋ ಓಮ್ ರೆಸಿಸ್ಟರನ್ನು ಇನ್ಸುಲೇಶನ್ ಇರುವ ಇಕ್ಕಳದಿಂದ ಒಂದೆರಡು ಸೆಕೆಂಡು ಹಿಡಿಯಿರಿ. ಹೊಸದು ಹಳೆಯದರಷ್ಟೇ ಮೈಕ್ರೋಫ್ಯಾರಡ್ ಇರಬೇಕು (2.5 ಅಥವಾ 3.15 ಸಾಮಾನ್ಯ), ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆ ಇರಬಾರದು. ಇನ್ನಷ್ಟು ಗಾಳಿ ಬರಲೆಂದು ದೊಡ್ಡದು ಹಾಕುವವರಿದ್ದಾರೆ. ವೈಂಡಿಂಗ್ ಕಾದು ಫ್ಯಾನೇ ಹೋಗುತ್ತದೆ. ರಿಮೋಟಿನ ಬಿಎಲ್‌ಡಿಸಿ ಫ್ಯಾನಿಗೆ ಈ ಉತ್ತರ ಹೊಂದುವುದಿಲ್ಲ.

ಪ್ರಶ್ನೆ: ಗೀಸರ್ ಪ್ಲಗ್ ಬಿಸಿಯಾಗುತ್ತದೆ, ಒಂದು ಪಿನ್ ಕಪ್ಪಾಗಿದೆ. ಪ್ಲಗ್ ಬದಲಿಸಿದರೆ ಸಾಕೇ?

ಉತ್ತರ: ಸಾಲದು. ಇವತ್ತಿನಿಂದಲೇ ಆ ಪಾಯಿಂಟ್ ಬಳಸಬೇಡಿ. 2000 ವಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಸಡಿಲವಾದ ಸಂಪರ್ಕದಲ್ಲಿ ಅರ್ಧ ಓಮ್ ತಡೆ ಇದ್ದರೂ 8.7ರ ವರ್ಗವನ್ನು ಅರ್ಧದಿಂದ ಗುಣಿಸಿ: ಸುಮಾರು 38 ವಾಟ್ ಶಾಖ ಆ ಒಂದು ಪಿನ್ನಿನ ತುದಿಯಲ್ಲಿ ಹುಟ್ಟುತ್ತದೆ. ಬೆಸುಗೆ ಹಾಕುವ ಸಣ್ಣ ಸೋಲ್ಡರಿಂಗ್ ಐರನ್ 25 ವಾಟಿನದು. ಅಷ್ಟು ಕಾದಾಗ ಸಾಕೆಟಿನೊಳಗಿನ ಹಿತ್ತಾಳೆ ಪಟ್ಟಿಯ ಬಿಗುವು ಹೋಗುತ್ತದೆ. ಹೊಸ ಪ್ಲಗ್ಗನ್ನೂ ಅದು ಸಡಿಲವಾಗಿಯೇ ಹಿಡಿದು ಮತ್ತೆ ಕಾಯಿಸುತ್ತದೆ. ಎಂಸಿಬಿ ಇದನ್ನು ತಡೆಯುವುದಿಲ್ಲ, ಏಕೆಂದರೆ ಹರಿಯುವ ಕರೆಂಟ್ ಮಿತಿಯೊಳಗೇ ಇದೆ.

ಫ್ಯಾನಿಗೆ ಹೇಳಿದಂತೆ ಎಂಸಿಬಿ ಇಳಿಸಿ ಟೆಸ್ಟರಿನಿಂದ ಪರೀಕ್ಷಿಸಿದ ಮೇಲೆ ಪ್ಲಗ್, ಸಾಕೆಟ್ ಎರಡನ್ನೂ 16 ಆಂಪಿಯರಿನದೇ ಹಾಕಿ. ಕಪ್ಪಾದ ತಾಮ್ರವನ್ನು ಹೊಳೆಯುವ ತಾಮ್ರ ಬರುವವರೆಗೆ ಕತ್ತರಿಸಿ, ಸುಮಾರು 10 ಮಿಲಿಮೀಟರ್ ಸಿಪ್ಪೆ ಸುಲಿದು, ಎಳೆಗಳನ್ನು ಹೊಸೆದು ಸ್ಕ್ರೂ ಕೆಳಗೆ ಬಿಗಿಯಿರಿ. ತುದಿಗೆ ಬೆಸುಗೆ ಸೀಸ ಹಾಕಬೇಡಿ. ಸ್ಕ್ರೂ ಒತ್ತಡಕ್ಕೆ ಅದು ನಿಧಾನವಾಗಿ ಹರಡಿ ಮತ್ತೆ ಸಡಿಲವಾಗುತ್ತದೆ. ಬಿಗಿದ ಮೇಲೆ ಒಂದೊಂದೇ ತಂತಿಯನ್ನು ಎಳೆದು ನೋಡಿ. ಗೋಡೆಯ ಪೆಟ್ಟಿಗೆಯೊಳಗೆ ತಂತಿಯ ಸಿಪ್ಪೆ ಗರಿಗರಿಯಾಗಿ ಒಡೆಯುತ್ತಿದ್ದರೆ ಅಥವಾ ಅರ್ತ್ ತಂತಿಯೇ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಬರಲಿ.

ಪ್ರಶ್ನೆ: ಮಳೆಗಾಲದಲ್ಲಿ ಮರದ ಬಾಗಿಲು ಮುಚ್ಚಲು ಬರುವುದಿಲ್ಲ. ಹತ್ತರಿ ಹೊಡೆಸಿದರೆ ಸರಿಹೋಗುತ್ತದೆಯೇ?

ಉತ್ತರ: ಹತ್ತರಿ ಕೊನೆಯ ಹೆಜ್ಜೆ. ಮೊದಲು ಎಲ್ಲಿ ತಾಗುತ್ತಿದೆ ನೋಡಿ: ಬಾಗಿಲಿನ ಅಂಚಿಗೆ ಬಣ್ಣದ ಸೀಮೆಸುಣ್ಣ ಬಳಿದು ಒಂದೆರಡು ಸಲ ಮುಚ್ಚಿ ತೆರೆದರೆ ಚೌಕಟ್ಟಿನಲ್ಲಿ ಗುರುತು ಬೀಳುತ್ತದೆ. ಮರ ತೇವ ಕುಡಿದಾಗ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ, ಎಳೆಯ ಉದ್ದಕ್ಕೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಚಿಲಕದ ಕಡೆಯ ಅಂಚು ಉದ್ದಕ್ಕೂ ತಾಗುತ್ತಿದ್ದರೆ ಅದು ಉಬ್ಬು. ಚಿಲಕದ ಕಡೆಯ ಮೇಲಿನ ಮೂಲೆಯೋ ಕೆಳಗಿನ ಅಂಚೋ ಮಾತ್ರ ತಾಗಿದರೆ ಬಾಗಿಲು ಜೋತುಬಿದ್ದಿದೆ. ಮಳೆಯನ್ನು ದೂರಿ ಪ್ರಯೋಜನವಿಲ್ಲ, ಮೇಲಿನ ಹಿಂಜ್ ನೋಡಿ.

ಬಾಗಿಲು ಅರ್ಧ ತೆರೆದು ಹಿಡಿಯನ್ನು ಮೇಲಕ್ಕೆ ಎತ್ತಿ. ಮೇಲಿನ ಹಿಂಜ್ ಅಲುಗಿದರೆ ಸ್ಕ್ರೂಗಳು ಹಿಡಿತ ಬಿಟ್ಟಿವೆ. ಬಾಗಿಲ ಕೆಳಗೆ ಬೆಣೆ ಕೊಟ್ಟು ಸ್ಕ್ರೂ ತೆಗೆಯಿರಿ. ಮರದ ಸಣ್ಣ ಕಡ್ಡಿಗೆ ಮರದ ಗೋಂದು ಬಳಿದು ತೂತಿಗೆ ಬಿಗಿಯಾಗಿ ಬಡಿಯಿರಿ, ರಾತ್ರಿಯಿಡೀ ಒಣಗಲಿ. ಬೆಳಗ್ಗೆ ಮಟ್ಟಕ್ಕೆ ಕತ್ತರಿಸಿ, ಸ್ಕ್ರೂ ದಪ್ಪದ ಮೂರರಲ್ಲಿ ಎರಡರಷ್ಟು ಬಿಟ್ ಹಾಕಿ ತೂತು ಕೊರೆದು ಸ್ಕ್ರೂ ಹಾಕಿ. ತೂತು ಕೊರೆಯದೆ ಸ್ಕ್ರೂ ತಿರುಗಿಸಿದರೆ ಕಡ್ಡಿ ಸೀಳಿ, ಇಡೀ ರಾತ್ರಿ ಕಾದದ್ದು ವ್ಯರ್ಥ.

ನಿಜವಾಗಿ ಉಬ್ಬಿದ ಬಾಗಿಲಾದರೆ ಗುರುತು ಮಾತ್ರ ಹಾಕಿಡಿ. ಮಳೆಗಾಲದಲ್ಲೇ ಕೆರೆದರೆ ಬೇಸಿಗೆಯಲ್ಲಿ ಮರ ಕುಗ್ಗಿ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಒಣ ಹವೆಯಲ್ಲಿ ಎರಡು ಮೂರು ಮಿಲಿಮೀಟರ್ ಸಂದು ಬರುವಂತೆ ಹೊಡೆಯಿರಿ. ಆಮೇಲೆ ಬಾಗಿಲನ್ನು ಇಳಿಸಿ, ಕೆಳಗಿನ ಅಂಚಿಗೂ ಮೇಲಿನ ಅಂಚಿಗೂ ಬಣ್ಣ ಕೊಡಿ. ಕಣ್ಣಿಗೆ ಬೀಳದ ಆ ಕೆಳಗಿನ ಅಂಚಿಗೆ ಬಣ್ಣ ಹಚ್ಚದೆ ಬಿಟ್ಟಿರುತ್ತಾರೆ, ಬಾಗಿಲು ನೀರು ಕುಡಿಯುವುದೂ ಅಲ್ಲಿಂದಲೇ.

ಪ್ರಶ್ನೆ: ಗೋಡೆಯ ಕೆಳಭಾಗದಲ್ಲಿ ಬಣ್ಣ ಗುಳ್ಳೆ ಬಂದು ಉದುರುತ್ತದೆ. ಬಿಳಿ ಪುಡಿ ಕೂಡ ಇದೆ. ವಾಟರ್‌ಪ್ರೂಫ್ ಬಣ್ಣ ಹಚ್ಚಿದರೂ ನಿಲ್ಲಲಿಲ್ಲ.

ಉತ್ತರ: ನಿಲ್ಲುವುದೂ ಇಲ್ಲ. ನೀರು ಗೋಡೆಯ ಒಳಗಿದ್ದರೆ ಹೊರಗಿನ ಬಣ್ಣ ಎಷ್ಟು ಗಟ್ಟಿಯಾದರೂ ಹಿಂದೆ ಉಪ್ಪು ಹರಳುಗಟ್ಟಿ ಅದನ್ನು ತಳ್ಳುತ್ತದೆ. ನಿಮಗೆ ಕಾಣುವ ಬಿಳಿ ಪುಡಿ ಆ ಉಪ್ಪೇ.

ತೇವ ಗೋಡೆಯ ಒಳಗಿನದೋ ಕೋಣೆಯ ಗಾಳಿಯದೋ ಎಂದು ತಿಳಿಯಲು 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ, ಒಂದು ದಿನ ಬಿಡಿ. ಹನಿಗಳು ಹಾಳೆಯ ಹಿಂದೆ ಬಂದರೆ ನೀರು ಗೋಡೆಯದು, ಮುಂದೆ ಬಂದರೆ ಕೋಣೆಯದು. ಎರಡನೆಯದಕ್ಕೆ ಕಿಟಕಿ ತೆರೆದು ಗಾಳಿಯಾಡಿಸುವುದೇ ಔಷಧ. ಗೋಡೆಯದಾದರೆ ಮೂಲ ಹುಡುಕಿ. ನೆಲದಿಂದ ಸುಮಾರು ಒಂದು ಮೀಟರ್ ಎತ್ತರಕ್ಕೆ ಪಟ್ಟಿಯಂತೆ ಇದ್ದರೆ ಅಡಿಪಾಯದಿಂದ ಏರುವ ತೇವ. ಮಳೆ ಬಂದ ಒಂದೆರಡು ದಿನಕ್ಕೆ ಹೆಚ್ಚಾದರೆ ಹೊರಗೋಡೆಯ ಬಿರುಕು ಅಥವಾ ಮಳೆನೀರಿನ ಕೊಳವೆ. ವರ್ಷವಿಡೀ ಒಂದೇ ಸಮ ಇದ್ದರೆ ಪೈಪು: ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರನ್ನು ಒಂದು ಗಂಟೆ ಬಿಟ್ಟು ನೋಡಿ, ಮುಳ್ಳು ಕದಲಿದ್ದರೆ ಎಲ್ಲೋ ಸೋರುತ್ತಿದೆ.

ಮೂಲ ನಿಲ್ಲಿಸಿದ ಮೇಲೆ ಸಡಿಲ ಬಣ್ಣ ಕೆರೆದು, ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಗೋಡೆ ಒಣಗಲು ವಾರಗಳೇ ಬೇಕು, ದಪ್ಪ ಗೋಡೆಗೆ ತಿಂಗಳುಗಳು. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮತ್ತೆ ಮಾಡಿ, ಹಿಂದೆ ಹನಿ ಬರದ ದಿನ ಪುಟ್ಟಿ ಹಚ್ಚಿ. ಅವಸರಪಟ್ಟು ಹಚ್ಚಿದ ಪುಟ್ಟಿ ಮುಂದಿನ ಮಳೆಗೆ ಹಪ್ಪಳದಂತೆ ಏಳುತ್ತದೆ.

ಪ್ರಶ್ನೆ: ಫ್ಲಶ್ ಟ್ಯಾಂಕಿನಿಂದ ಸದಾ ಸಣ್ಣ ಸದ್ದು ಬರುತ್ತದೆ, ಸೋರಿಕೆ ಕಣ್ಣಿಗೆ ಕಾಣುವುದಿಲ್ಲ.

ಉತ್ತರ: ಟ್ಯಾಂಕಿನ ನೀರಿಗೆ ತಿಂಡಿಗೆ ಹಾಕುವ ಬಣ್ಣ ನಾಲ್ಕೈದು ಹನಿ ಬಿಟ್ಟು, ಅರ್ಧ ಗಂಟೆ ಫ್ಲಶ್ ಮಾಡದೆ ಕಾಯಿರಿ. ಬಣ್ಣ ಕಮೋಡಿಗೆ ಇಳಿದಿದ್ದು, ಟ್ಯಾಂಕಿನ ನೀರು ಓವರ್‌ಫ್ಲೋ ಕೊಳವೆಯ (ಹೆಚ್ಚಾದ ನೀರು ಕಮೋಡಿಗೆ ಇಳಿಯುವ ಕೊಳವೆ) ಬಾಯಿಗಿಂತ ಕೆಳಗಿದ್ದರೆ ತಳದ ರಬ್ಬರ್ ಸೀಲ್ ಸೋರುತ್ತಿದೆ. ಅದನ್ನು ತೆಗೆದು, ಅದು ಕೂರುವ ಅಂಚಿನ ಸುಣ್ಣದ ಪೊರೆಯನ್ನು ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿ. ರಬ್ಬರ್ ಗಟ್ಟಿಯಾಗಿದ್ದರೆ ಅಥವಾ ಸೊಟ್ಟಗಾಗಿದ್ದರೆ ಹೊಸದು ಹಾಕಿ. ನೀರು ಕೊಳವೆಯ ಬಾಯಿಯವರೆಗೂ ಏರಿ ಅದರೊಳಗೆ ಹರಿಯುತ್ತಿದ್ದರೆ ತಪ್ಪು ಫ್ಲೋಟಿನದು, ಅಂದರೆ ನೀರಿನ ಮೇಲೆ ತೇಲುವ ಬುರುಡೆಯದು. ನೀರು ಆ ಬಾಯಿಗಿಂತ ಎರಡು ಎರಡೂವರೆ ಸೆಂಟಿಮೀಟರ್ ಕೆಳಗೆ ನಿಲ್ಲುವಂತೆ ಫ್ಲೋಟಿನ ಸ್ಕ್ರೂ ತಿರುಗಿಸಿ ಇಳಿಸಿ. ಎಷ್ಟು ಇಳಿಸಿದರೂ ನೀರು ಏರುತ್ತಲೇ ಇದ್ದರೆ ನೀರು ತುಂಬುವ ವಾಲ್ವಿನ ವಾಷರ್ ಬದಲಿಸಬೇಕು. ಅಲ್ಲಿಯೂ ಬಿಚ್ಚುವ ಮೊದಲ ಹೆಜ್ಜೆ ಟ್ಯಾಂಕಿನ ಪಕ್ಕದ ಆಂಗಲ್ ಕಾಕ್ (ಟ್ಯಾಂಕಿಗೆ ನೀರು ಬಿಡುವ ಸಣ್ಣ ವಾಲ್ವ್) ಮುಚ್ಚುವುದೇ.